ಆಯುಧವಾಗಬಲ್ಲ ಕರಿಗಲ್ಲು: ಲಾವಾ ಶಿಲೆಯನ್ನು ಹುಡುಕಿ ಗುರುತಿಸುವ ಬಗೆ

ಮುಂಬಯಿ, ಪುಣೆ, ನಾಸಿಕ, ಸೊಲ್ಲಾಪುರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ದಿನನಿತ್ಯ ತುಳಿದು ನಡೆಯುವ ನೆಲವು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ಹೆಪ್ಪುಗಟ್ಟಿ ಉಂಟಾದುದು. ಸವೆದು ಉಳಿದಿರುವಷ್ಟರ ವಿಸ್ತಾರವೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಲೋಕಲ್ ರೈಲಿನ ಹಳಿಗಳ ನಡುವಿನ ಜಲ್ಲಿ, ಸಹ್ಯಾದ್ರಿಯ ಕೋಟೆಗಳ ಗೋಡೆ, ಅಜಂತಾ ಎಲ್ಲೋರಾಗಳ ಗುಹೆ, ವಿಜಯಪುರದ ಗೋಲಗುಮ್ಮಟ ಇವೆಲ್ಲವೂ ಇದೇ ಕರಿಗಲ್ಲಿನ ಬೇರೆ ಬೇರೆ ರೂಪಗಳು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಎರೆಮಣ್ಣು ಸಹ ಬಹುಪಾಲು ಈ ಕಲ್ಲು ಕರಗಿ ಆದುದೇ. ಭೂವಿಜ್ಞಾನಿಗಳು ಇದನ್ನು ಬಸಾಲ್ಟ್ ಎನ್ನುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಬೆಟ್ಟಗಳ ಕಾರಣದಿಂದ ಈ ಪ್ರದೇಶಕ್ಕೆ ‘ದಖ್ಖಣದ ಟ್ರ್ಯಾಪ್’ ಎಂಬ ಹೆಸರು ಬಂದಿದೆ. ‘ಟ್ರ್ಯಾಪ್’ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಶಬ್ದದಿಂದ ಬಂದುದು.

ಇಷ್ಟು ಕಲ್ಲು ಕಾಲಡಿಯಲ್ಲಿಯೇ ಬಿದ್ದಿರುವಾಗ, ಲೋಹವನ್ನು ಅರಿಯದ ಕಾಲದ ಮಾನವನಿಗೆ ಆಯುಧಕ್ಕೆ ಕಲ್ಲಿನ ಕೊರತೆಯೇ ಇರಲಿಲ್ಲವೆಂದು ಸಹಜವಾಗಿಯೇ ತೋರುತ್ತದೆ. ಸಂಗತಿ ಹಾಗಿಲ್ಲ. ಪುಣೆಯ ಸುತ್ತಲ ಗುಡ್ಡಗಳಲ್ಲಿ ಒಂದು ದಿನವಿಡೀ ಅಲೆದು ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ಒಡೆದು ನೋಡಿದರೆ, ಹರಿತವಾದ, ತೆಳುವಾದ, ನಾವು ಬಯಸಿದ ಆಕಾರದ ಚಕ್ಕೆ ಕೊಡುವ ಕಲ್ಲು ಒಂದೆರಡು ದೊರೆತರೆ ನಮ್ಮ ಪುಣ್ಯ. ಉಳಿದವು ಪುಡಿಯಾಗುತ್ತವೆ, ಅಡ್ಡಾದಿಡ್ಡಿ ಸೀಳುತ್ತವೆ ಅಥವಾ ಪೆಟ್ಟಿಗೆ ಜಗ್ಗುವುದೇ ಇಲ್ಲ. ಲಾವಾ ಶಿಲೆಗಳ ಸಾಗರದಲ್ಲಿ ಆಯುಧದ ಕಲ್ಲು ಅಪರೂಪದ ವಸ್ತು. ಆದಿಮಾನವನು ಅದನ್ನು ಹುಡುಕಿ ಹೆಕ್ಕುವ ವಿದ್ಯೆಯನ್ನು ಕಲಿತಿದ್ದನೆಂಬುದು ನಮ್ಮ ನದೀತೀರಗಳಲ್ಲಿ ದೊರೆತ ಶಿಲಾಯುಧಗಳಿಂದಲೇ ತಿಳಿಯುತ್ತದೆ. ಆ ವಿದ್ಯೆಯ ಸ್ಥೂಲ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ನಾವು ಭೂವಿಜ್ಞಾನದ ವಿದ್ಯಾರ್ಥಿಗಳಲ್ಲ. ಇತಿಹಾಸವನ್ನು ಓದಿ, ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆ ಬದುಕು ಸವೆಸಿದವರು. ಆದುದರಿಂದ ಶಾಸ್ತ್ರದ ಪರಿಭಾಷೆಯನ್ನು ಆದಷ್ಟು ದೂರವಿರಿಸಿ, ಕಣ್ಣು, ಕಿವಿ, ಕೈಗಳಿಗೆ ನಿಲುಕುವಷ್ಟನ್ನು ಮಾತ್ರ ಹೇಳುತ್ತೇವೆ.

ಮೊದಲಿಗೆ, ಚಕ್ಕೆ ಏಳುವುದೆಂದರೇನು? ದಪ್ಪನೆಯ ಗಾಜಿನ ತುಂಡಿನ ಅಂಚಿಗೆ ಸಣ್ಣ ಪೆಟ್ಟು ಬಿದ್ದಾಗ ಕಪ್ಪೆಚಿಪ್ಪಿನ ಒಳಮೈಯಂತೆ ನುಣುಪಾಗಿ ಬಾಗಿದ ಒಂದು ಹೋಳು ಕಳಚಿ ಬೀಳುವುದನ್ನು ಎಲ್ಲರೂ ಕಂಡಿದ್ದಾರೆ. ಪೆಟ್ಟು ಬಿದ್ದ ಬಿಂದುವಿನಿಂದ ಒತ್ತಡವು ಶಂಕುವಿನ ಆಕಾರದಲ್ಲಿ ಕಲ್ಲಿನೊಳಗೆ ಹರಡುತ್ತದೆ. ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಅದರ ಗುರುತು ಒಡೆದ ಮೈಯ ಮೇಲೆ ಉಳಿಯುತ್ತದೆ. ಪೆಟ್ಟು ಬೀಳುವ ಅಂಚಿನ ಕೋನವು 90 ಡಿಗ್ರಿಗಿಂತ ಕಡಿಮೆಯಿದ್ದರೆ ಆ ಒತ್ತಡವು ಪಕ್ಕದಿಂದ ಹೊರಬಂದು ಚಕ್ಕೆಯನ್ನು ಕಳಚುತ್ತದೆ. ಇದು ಸಾಧ್ಯವಾಗಬೇಕಾದರೆ ಒತ್ತಡದ ದಾರಿಯಲ್ಲಿ ಅಡ್ಡಿಗಳಿರಬಾರದು. ಹೊರಮೈ ಕಪ್ಪೋ ಬೂದೋ ಎಂಬುದು ಮುಖ್ಯವಲ್ಲ, ಭಾರವೂ ಮುಖ್ಯವಲ್ಲ. ಒಳಗಿನ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿರಬೇಕು. ಕಲ್ಲು ಎಲ್ಲ ದಿಕ್ಕಿನಲ್ಲಿಯೂ ಏಕರೂಪವಾಗಿರಬೇಕು. ಬಿರುಕು, ಗುಳಿ, ದೊಡ್ಡ ಹರಳುಗಳು ಇರಬಾರದು. ಮರಕ್ಕೆ ನಾರಿನ ದಿಕ್ಕಿರುತ್ತದೆ, ಕಡಪ ಕಲ್ಲಿಗೆ ಪದರವಿರುತ್ತದೆ. ಅವು ತಮಗೆ ಬೇಕಾದಂತೆ ಸೀಳುತ್ತವೆ. ಆಯುಧದ ಕಲ್ಲಾದರೋ ಕೆತ್ತುವವನಿಗೆ ಬೇಕಾದಂತೆ ಸೀಳಬೇಕು.

ಕಣಗಳು ಸಣ್ಣವಾಗುವುದೂ ದೊಡ್ಡವಾಗುವುದೂ ಬಹುಮಟ್ಟಿಗೆ ಲಾವಾರಸ ತಣಿಯುವ ವೇಗಕ್ಕೆ ಸೇರಿದ್ದು. ನಮ್ಮ ಮನೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಸಕ್ಕರೆಯ ಪಾಕವನ್ನು ದಿನಗಟ್ಟಲೆ ಅಲುಗಿಸದೆ ಬಿಟ್ಟರೆ ದಾರಕ್ಕೆ ಹರಳು ಕಟ್ಟಿ ಕಲ್ಲುಸಕ್ಕರೆಯಾಗುತ್ತದೆ; ಅದೇ ಪಾಕವನ್ನು ಗಟ್ಟಿಯಾಗಿ ಕಾಯಿಸಿ ತಣ್ಣನೆಯ ತಟ್ಟೆಗೆ ಸುರಿದರೆ ಹರಳೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಪೆಪ್ಪರಮಿಂಟಿನಂಥ ವಸ್ತುವಾಗುತ್ತದೆ. ಲಾವಾದಲ್ಲಿಯೂ ಹೀಗೆಯೇ. ಆದರೆ ಪಾಕದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಿಲಿಕಾದ ಅಂಶ ಶೇಕಡಾ 70ಕ್ಕೂ ಮೇಲಿರುವ ಲಾವಾರಸ ಅಂಟಂಟಾಗಿದ್ದು, ಅದರಲ್ಲಿ ಹರಳು ಬೆಳೆಯುವುದು ಕಷ್ಟ. ಅಂತಹುದು ಬೇಗನೆ ತಣಿದಾಗ ಆಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಗಾಜು ಉಂಟಾಗುತ್ತದೆ. ಟರ್ಕಿಯ ಅನಾಟೋಲಿಯ, ಆರ್ಮೇನಿಯ, ಇಟಲಿಯ ಲಿಪಾರಿ ದ್ವೀಪ, ಮೆಕ್ಸಿಕೋ, ಜಪಾನಿನ ಹೊಕ್ಕೈಡೋ, ಕೆನ್ಯಾ ಮೊದಲಾದೆಡೆ ಇದು ಹೇರಳವಾಗಿದ್ದು, ಪ್ರಾಚೀನರು ನೂರಾರು ಮೈಲಿ ದೂರದಿಂದ ತರಿಸಿಕೊಳ್ಳುತ್ತಿದ್ದರು. ಹೊಸದಾಗಿ ಎದ್ದ ಆಬ್ಸಿಡಿಯನ್ ಚಕ್ಕೆಯ ಅಂಚು ಉಕ್ಕಿನ ಶಸ್ತ್ರಚಿಕಿತ್ಸಾ ಚೂರಿಗಿಂತಲೂ ತೆಳುವಾಗಿರುತ್ತದೆ.

ನಮ್ಮ ದಖ್ಖಣದ ಲಾವಾರಸದಲ್ಲಿ ಸಿಲಿಕಾ ಸುಮಾರು ಅರ್ಧದಷ್ಟು ಮಾತ್ರ. ಅದು ಜೇನಿನಂತೆ ತೆಳುವಾಗಿ ದೂರದೂರ ಹರಿದು, ಸಾವಕಾಶವಾಗಿ ಹರಳುಗಟ್ಟಿದುದು. ಆದುದರಿಂದ ಸಹ್ಯಾದ್ರಿಯಲ್ಲಿ ಆಬ್ಸಿಡಿಯನ್ ಹುಡುಕಲು ಹೊರಡುವುದು ವ್ಯರ್ಥಶ್ರಮ. ಹೆಚ್ಚು ಸಿಲಿಕಾ ಉಳ್ಳ ರೈಯೋಲೈಟ್ ಜಾತಿಯ ಕಲ್ಲು ಗುಜರಾತಿನ ಪಾವಾಗಢದ ನೆತ್ತಿಯಲ್ಲಿ, ಮುಂಬಯಿಯ ಉತ್ತರದ ಕಡಲತಡಿಯಲ್ಲಿ ಅಲ್ಲಲ್ಲಿ ಇದೆ; ಅದು ಅಪವಾದ. ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೊಲಗಳಲ್ಲಿ, ಹಳೆಯ ಊರುಗಳ ತಿಪ್ಪೆದಿಬ್ಬಗಳಲ್ಲಿ ಕಪ್ಪಗೆ ಹೊಳೆಯುವ ಗಾಜಿನಂತಹ ಉಂಡೆಗಳು ಸಿಕ್ಕಿ, ‘ಇದು ಜ್ವಾಲಾಮುಖಿಯ ಗಾಜು’ ಎಂದು ಜನ ಸಂಭ್ರಮಿಸುವುದುಂಟು. ಬಹುತೇಕ ಅವು ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ. ಕಿಟ್ಟದಲ್ಲಿ ದುಂಡನೆಯ ಗುಳ್ಳೆಗಳು ತುಂಬಿರುತ್ತವೆ, ಹರಿದು ಗಟ್ಟಿಯಾದ ಹಗ್ಗದಂತಹ ಗೆರೆಗಳಿರುತ್ತವೆ, ಕೆಲವೊಮ್ಮೆ ಇದ್ದಿಲಿನ ಚೂರೋ ತುಕ್ಕಿನ ಕಲೆಯೋ ಅಂಟಿಕೊಂಡಿರುತ್ತದೆ. ಅದು ಇತಿಹಾಸಕ್ಕೆ ಬೆಲೆಯುಳ್ಳ ವಸ್ತುವೇ ಹೌದು, ಆದರೆ ಬೇರೆ ಇತಿಹಾಸಕ್ಕೆ.

ಹಾಗಾದರೆ ಬಸಾಲ್ಟಿನಲ್ಲಿಯೇ ಒಳ್ಳೆಯದನ್ನು ಆರಿಸಬೇಕು. ಒಂದೊಂದು ಲಾವಾ ಪದರವನ್ನೂ ಮೇಲಿನಿಂದ ಕೆಳಗೆ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮುಂಬಯಿ ಪುಣೆ ಹೆದ್ದಾರಿಯ ಘಟ್ಟದಲ್ಲಿ ರಸ್ತೆಗಾಗಿ ಕಡಿದ ಗೋಡೆಗಳು ಇದಕ್ಕೆ ಉತ್ತಮ ಪಾಠಶಾಲೆ. (ವಾಹನ ನಿಲ್ಲಿಸುವುದು ಅಪಾಯಕರ, ಕಿಟಕಿಯಿಂದ ನೋಡಿದರೆ ಸಾಕು.) ಪದರದ ಮೇಲ್ಭಾಗ ಜಾಲರಿಯಂತೆ ಗುಳ್ಳೆಗುಳ್ಳೆಯಾಗಿರುತ್ತದೆ. ಲಾವಾರಸದಿಂದ ಹೊರಹೊರಟ ಅನಿಲಗಳು ಮೇಲಕ್ಕೇರಿ, ತಪ್ಪಿಸಿಕೊಳ್ಳುವ ಮೊದಲೇ ಮೇಲ್ಪದರ ಗಟ್ಟಿಯಾಗಿ ಸಿಕ್ಕಿಬಿದ್ದ ಗುರುತು ಅದು. ಆ ಗುಳಿಗಳಲ್ಲಿ ಮುಂದೆ ನೀರು ಹರಿದು ಬಿಳಿಯ ಜಿಯೊಲೈಟ್, ಹಸಿರು ಮಣ್ಣು, ಸ್ಫಟಿಕಗಳು ತುಂಬಿಕೊಂಡವು. ಇಂತಹ ಕಲ್ಲು ಆಯುಧಕ್ಕೆ ಬಾರದು. ಪ್ರತಿ ಗುಳಿಯೂ ಒತ್ತಡವನ್ನು ನುಂಗುತ್ತದೆ. ಎರಡು ಪದರಗಳ ನಡುವೆ ಕಾಣುವ ಇಟ್ಟಿಗೆಗೆಂಪಿನ ಪಟ್ಟಿಯಂತೂ ಬರೀ ಬೆಂದ ಮಣ್ಣು. ಪದರದ ನಡುಭಾಗದಲ್ಲಿ ಗುಳ್ಳೆಗಳಿಲ್ಲದ ಗಟ್ಟಿ ಕಲ್ಲು ಸಿಗುತ್ತದೆ, ಆದರೆ ಅದು ನಿಧಾನವಾಗಿ ತಣಿದುದರಿಂದ ಕಣ ಸ್ವಲ್ಪ ಒರಟು. ಕೆಲವು ಪದರಗಳಲ್ಲಿ ಬೆರಳಿನಷ್ಟು ಉದ್ದದ ಬಿಳಿಯ ಹರಳುಗಳು ಚೆಲ್ಲಾಡಿದಂತಿರುತ್ತವೆ. ನೋಡಲು ಚೆಂದ, ಕೆತ್ತಲು ಶತ್ರು.

ಕಂಬಗಲ್ಲುಗಳನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು. ಅಂಧೇರಿಯ ಗಿಲ್ಬರ್ಟ್ ಹಿಲ್ ಸುಮಾರು 60 ಮೀಟರ್ ಎತ್ತರದ ಬಸಾಲ್ಟಿನ ಕಂಬಗಳ ಗುಚ್ಛ. ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಂಬಗಳನ್ನು ಕಂಡ ಉಡುಪಿಯವರಿಗೆ ಇದು ಅದರದೇ ತಮ್ಮನಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಮಲ್ಪೆಯ ಕಲ್ಲು ಸುಮಾರು 8.8 ಕೋಟಿ ವರ್ಷ ಹಳೆಯದು. ಭಾರತವು ಮಡಗಾಸ್ಕರಿನಿಂದ ಬೇರ್ಪಟ್ಟ ಕಾಲದ್ದು. ಸಿಲಿಕಾ ಹೆಚ್ಚಿರುವ ಬೇರೆಯೇ ಜಾತಿ. ಕಂಬಗಳಾಗುವುದು ತಣಿಯುವಾಗ ಕಲ್ಲು ಕುಗ್ಗಿ ಬಿರಿಯುವುದರಿಂದ. ಜಾತಿ ಯಾವುದಾದರೂ ಆ ಆಕಾರ ಬರಬಹುದು. ಆದುದರಿಂದ ಆಕಾರ ನೋಡಿ ಕಲ್ಲನ್ನು ಆರಿಸಬಾರದು. ಮೇಲಾಗಿ ಇವೆರಡೂ ಸಂರಕ್ಷಿಸಬೇಕಾದ ಸ್ಮಾರಕಗಳು. ಅಲ್ಲಿ ಒಂದು ಚೂರನ್ನೂ ಮುಟ್ಟುವಂತಿಲ್ಲ. ಮುಂಬಯಿಯ ಬೇರೆ ಬೇರೆ ಲಾವಾ ಶಿಲೆಗಳನ್ನು ಒಂದೇ ಕಡೆ ಹೋಲಿಸಿ ನೋಡಬಯಸುವವರು ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ಹೊರಗೋಡೆಯನ್ನು ಗಮನಿಸಲಿ. ಬೂದುಬಣ್ಣದ್ದು ಕುರ್ಲಾದ ಬಸಾಲ್ಟ್, ಹಳದಿ ಛಾಯೆಯದು ಮಲಾಡಿನ ಟ್ರಾಕೈಟ್. ಒಳಗಿನ ಮೂರ್ತಿಗಳಿಗೆ ಟಿಕೆಟ್ ಇದೆ, ಗೋಡೆಗೆ ಇಲ್ಲ.

ನಿಜವಾದ ಆಯುಧದ ಕಲ್ಲು ಅಡಗಿರುವುದು ಡೈಕ್‌ಗಳಲ್ಲಿ. ಲಾವಾರಸವು ಮೇಲೇರಿ ಬಂದ ಬಿರುಕುಗಳಲ್ಲಿಯೇ ಗಟ್ಟಿಯಾಗಿ ಉಳಿದ ಕಲ್ಲಿನ ಗೋಡೆಗಳಿಗೆ ಡೈಕ್ ಎಂದು ಹೆಸರು. ಅನಿಲವು ಅಲ್ಲಿ ಗುಳ್ಳೆಯಾಗಲು ಅವಕಾಶ ಕಡಿಮೆ, ಅಕ್ಕಪಕ್ಕದ ತಣ್ಣನೆಯ ಕಲ್ಲಿಗೆ ತಾಗಿದ ಅಂಚುಗಳು ಬಲುಬೇಗ ತಣಿಯುತ್ತವೆ. ಅಗಲವಾದ ಡೈಕಿನ ನಡುಭಾಗದಲ್ಲಿ ಕಣ ಒರಟಾಗಿ ಡಾಲರೈಟ್ ಎನಿಸಿಕೊಳ್ಳುತ್ತದೆ. ಅಂಚಿಗೆ ಸಾಗಿದಂತೆ ಕಣ ಸಣ್ಣದಾಗುತ್ತದೆ. ಲಾವಾ ಪದರಗಳು ಅಡ್ಡಡ್ಡ ಮಲಗಿದ್ದರೆ ಡೈಕು ಅವನ್ನು ಸೀಳಿಕೊಂಡು ನೆಟ್ಟಗೆ ನಿಂತಿರುತ್ತದೆ. ಸುತ್ತಲ ಕಲ್ಲು ಬೇಗ ಸವೆದಿದ್ದರೆ ಡೈಕು ಹೊಲಗಳ ನಡುವೆ ಯಾರೋ ಕಟ್ಟಿಸಿದ ಉದ್ದನೆಯ ಒಡ್ಡಿನಂತೆ ಕಾಣುತ್ತದೆ. ಡೈಕೇ ಬೇಗ ಸವೆದಿದ್ದರೆ ನೇರವಾದ ಹಳ್ಳವಾಗುತ್ತದೆ. ಧುಳೆ, ನಂದುರಬಾರ ಜಿಲ್ಲೆಗಳಲ್ಲಿ ಇಂತಹ ಗೋಡೆಗಳು ಸಾಲುಸಾಲಾಗಿವೆ. ಉಪಗ್ರಹದ ಚಿತ್ರಗಳನ್ನು ಈಗ ಎಲ್ಲರೂ ಮೊಬೈಲಿನಲ್ಲಿಯೇ ನೋಡಬಹುದಾದುದರಿಂದ, ನೇರವಾದ ಕಪ್ಪು ಗೆರೆಗಳನ್ನು ಮೊದಲು ಅಲ್ಲಿ ಹುಡುಕಿ ಅನಂತರ ಕಾಲ್ನಡಿಗೆಗೆ ಹೊರಡುವುದು ಸುಲಭ.

ಇದು ನಮ್ಮ ಊಹೆಯ ಮಾತಲ್ಲ. ಅಹಿಲ್ಯಾನಗರ ಜಿಲ್ಲೆಯ ಪ್ರವರಾ ನದಿಯ ದಡದ ಚಿರ್ಕಿ ನೇವಾಸೆಯಲ್ಲಿ ಜರ್ಮನಿಯ ವಿದುಷಿ ಗುಡ್ರುನ್ ಕೊರ್ವಿನಸ್ ಅವರು 1966ರಿಂದ 1969ರವರೆಗೆ ಉತ್ಖನನ ನಡೆಸಿ ಹಳೆ ಶಿಲಾಯುಗದ ಕೈಕೊಡಲಿಗಳನ್ನೂ ಸೀಳುಗೊಡಲಿಗಳನ್ನೂ ಹೊರತೆಗೆದರು. ಸುತ್ತ ಎಲ್ಲೆಲ್ಲಿಯೂ ಗುಳ್ಳೆಗಲ್ಲು ಬಿದ್ದಿದ್ದರೂ ಅಲ್ಲಿನವರು ಮುಖ್ಯವಾಗಿ ಡೈಕಿನ ಗಟ್ಟಿ ಕಲ್ಲನ್ನೇ ಆಯ್ದುಕೊಂಡಿದ್ದರು. ಲಾವಾ ನಾಡಿನ ಅಂಚು ದಾಟಿ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಗೆ ಬಂದರೆ, ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದಿನವರು ಸಿಲಿಕಾ ತುಂಬಿ ಗಡುಸಾದ ಸುಣ್ಣಕಲ್ಲಿನ ಹಾಸುಗಳನ್ನು ಹಿಡಿದಿದ್ದಾರೆ. ಕಲ್ಲಿನ ಹೆಸರು ಬದಲಾದರೂ ಸಣ್ಣ ಕಣ, ಏಕರೂಪದ ಮೈ ಎಂಬ ನಿಯಮ ಬದಲಾಗಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಕಣ್ಣಿಗಿಂತ ಮೊದಲು ಕಿವಿಯನ್ನು ನಂಬಬೇಕು. ನಾವು ಬ್ಯಾಂಕಿಗೆ ಸೇರಿದ ದಿನಗಳಲ್ಲಿ ಹಿರಿಯ ಕ್ಯಾಷಿಯರುಗಳು ಸಂಶಯ ಬಂದ ನಾಣ್ಯವನ್ನು ಕೌಂಟರಿನ ಕಲ್ಲಿನ ಮೇಲೆ ಟಣ್ಣೆನಿಸಿ, ಕಣ್ಣೆತ್ತಿಯೂ ನೋಡದೆ ಒಳಗೆ ಹಾಕುತ್ತಿದ್ದರು ಅಥವಾ ಹಿಂದಕ್ಕೆ ತಳ್ಳುತ್ತಿದ್ದರು. ಕಲ್ಲಿನ ಪರೀಕ್ಷೆಯೂ ಅದೇ ಬಗೆಯದು. ಕಲ್ಲನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿಯದೆ ಬೆರಳತುದಿಗಳಲ್ಲಿ ಸಡಿಲವಾಗಿ ತೂಗಿಸಿ ಇನ್ನೊಂದು ಸಣ್ಣ ಕಲ್ಲಿನಿಂದ ಮೆಲ್ಲನೆ ತಟ್ಟಬೇಕು. ಗಂಟೆಯಂತೆ ಸ್ಪಷ್ಟವಾದ ನಾದ ಬಂದರೆ ಒಳಗೆ ಬಿರುಕಿಲ್ಲ, ಕಣ ಬಿಗಿಯಾಗಿದೆ. ಒಡೆದ ಮಡಕೆಯಂತೆ ‘ದಬ್’ ಎಂದರೆ ಅದನ್ನು ಅಲ್ಲಿಯೇ ಬಿಡಬೇಕು. ಪುಣೆ ಜಿಲ್ಲೆಯ ಒಂದು ಕಲ್ಲುಗಣಿಯಲ್ಲಿ ವಡ್ಡರ ಸಮುದಾಯದ ಹಿರಿಯರೊಬ್ಬರು ಸುತ್ತಿಗೆಯ ಹಿಂಬದಿಯಿಂದ ಬಂಡೆಯ ಉದ್ದಕ್ಕೂ ತಟ್ಟುತ್ತ ಸಾಗಿ, ನಾದ ಬದಲಾದೆಡೆ ಸೀಮೆಸುಣ್ಣದ ಗೆರೆ ಎಳೆದುದನ್ನು ನಾವು ಕಂಡಿದ್ದೇವೆ. ಬಿರುಕು ಆ ಗೆರೆಯಲ್ಲಿಯೇ ಇತ್ತು. ಆ ಗೆರೆಯನ್ನು ಅವರು ಯಾವ ಪುಸ್ತಕದಿಂದಲೂ ಕಲಿತುದಲ್ಲ.

ನಾದದ ಮಾತು ಬಂದಾಗ ಬಳ್ಳಾರಿಯ ಸಂಗನಕಲ್ಲು ಮತ್ತು ಕುಪ್ಪಗಲ್ಲುಗಳನ್ನು ನೆನೆಯದೆ ಮುಂದೆ ಹೋಗಲಾಗದು. ಅಲ್ಲಿನ ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಹೋಗಿರುವ ಡಾಲರೈಟ್ ಡೈಕು ದಖ್ಖಣದ ಲಾವಾಕ್ಕಿಂತ ಬಹಳ ಪ್ರಾಚೀನವಾದುದು. ನವಶಿಲಾಯುಗದ ಜನರು ಹಿರೇಗುಡ್ಡದ ಮೇಲೆ ಈ ಕಲ್ಲಿನಿಂದ ಕೊಡಲಿಗಳನ್ನು ತಯಾರಿಸುವ ಕಾರ್ಖಾನೆಯನ್ನೇ ನಡೆಸಿದ್ದರು. ಮೊದಲು ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಅನಂತರ ಕುಟ್ಟಿ ಉಬ್ಬುಗಳನ್ನು ತೆಗೆಯುವುದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ನುಣುಪು ಮಾಡುವುದು. ಈ ಮೂರು ಹಂತಗಳ ಕುರುಹುಗಳೂ ಅಲ್ಲಿ ದೊರೆತಿವೆ. ಅದೇ ಡೈಕಿನ ಕುಪ್ಪಗಲ್ಲಿನ ಬಂಡೆಗಳ ಮೇಲೆ ಗೂಳಿಗಳ, ಮನುಷ್ಯರ ಕುಟ್ಟುಚಿತ್ರಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ಮೊಳಗುತ್ತವೆ. ಮತ್ತೆ ಮತ್ತೆ ಬಡಿದ ಸ್ಥಳದಲ್ಲಿ ಗುಳಿ ಬಿದ್ದಿದೆ. ಪುರಾತತ್ತ್ವಜ್ಞೆ ನಿಕೋಲ್ ಬೊವಾಂ ಅವರು 2004ರಲ್ಲಿ ಈ ನಾದಶಿಲೆಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದಾಗ, ಜಲ್ಲಿಗಾಗಿ ಆ ಬೆಟ್ಟವನ್ನು ಒಡೆಯುತ್ತಿದ್ದ ಸಂಗತಿಯನ್ನೂ ಆತಂಕದಿಂದ ಬರೆದರು. ಯಾವ ಗುಣದಿಂದ ಈ ಕಲ್ಲು ಕೊಡಲಿಗೂ ಸಂಗೀತಕ್ಕೂ ಒದಗಿತೋ ಅದೇ ಗುಣದಿಂದ ಜಲ್ಲಿಗೂ ಒದಗುತ್ತದೆ. ಬಿಗಿಯಾದ ಕಲ್ಲು ಎಲ್ಲರಿಗೂ ಬೇಕು.

ನಾದದ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಲ್ಲಿನ ಹೊರಮೈಯನ್ನು ನಂಬಬಾರದು. ಬಸಾಲ್ಟು ಗಾಳಿ ನೀರಿಗೆ ಸಿಕ್ಕಿ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ದುಂಡಾದ ಗುಂಡುಗಳ ಹೊರಗೆ ಕಂದು ಬಣ್ಣದ ಮೆತ್ತನೆಯ ತೊಗಟೆ ಇರುತ್ತದೆ. ತೊಗಟೆ ಬೆರಳಿನಷ್ಟು ದಪ್ಪವಿದ್ದರೆ ಒಳಗೂ ಕೊಳೆತಿರುವ ಸಂಭವವೇ ಹೆಚ್ಚು. ಅಂಚಿನಿಂದ ಒಂದು ಸಣ್ಣ ಚಕ್ಕೆ ತೆಗೆದು ಹೊಸ ಮೈಯನ್ನು ಬಿಸಿಲಿನಲ್ಲಿ ಓರೆಯಾಗಿ ಹಿಡಿದು ನೋಡಬೇಕು. ಸಕ್ಕರೆಯಂತೆ ಮಿಣಮಿಣ ಮಿನುಗಿದರೆ ಕಣ ದೊಡ್ಡದು. ಮಿನುಗಿಲ್ಲದೆ, ಕರಿಹಲಗೆಯಂತೆ ಒಂದೇ ಸಮನೆ ಮಂಕಾಗಿದ್ದರೆ ಅಥವಾ ತುಸು ರೇಷ್ಮೆಯ ಹೊಳಪಿದ್ದರೆ ಒಳ್ಳೆಯದು. ಹತ್ತು ಪಟ್ಟು ಹಿಗ್ಗಿಸುವ ಭೂತಕನ್ನಡಿ ಜೇಬಿನಲ್ಲಿದ್ದರೆ ಸಂಶಯ ಇನ್ನೂ ಬೇಗ ಪರಿಹಾರವಾಗುತ್ತದೆ. ಕೊನೆಗೆ ಚಕ್ಕೆಯ ಅಂಚು: ಕಾಗದವನ್ನು ಎಳೆಯದೆ, ಹರಿಯದೆ ಕತ್ತರಿಸಬೇಕು.

ಇಷ್ಟೆಲ್ಲ ಶ್ರಮವನ್ನು ಉಳಿಸುವ ಒಂದು ಉಪಾಯವಿದೆ. ಮಳೆಗಾಲ ಮುಗಿದ ಮೇಲೆ ನದಿಯ ಗುಂಡುಗಲ್ಲುಗಳ ರಾಶಿಗೆ ಹೋಗಬೇಕು. ಹತ್ತಾರು ಮೈಲಿ ಉರುಳಿ ಬರುವಷ್ಟರಲ್ಲಿ ಗುಳ್ಳೆಗಲ್ಲು, ಬಿರುಕುಗಲ್ಲು, ಕೊಳೆತ ಕಲ್ಲುಗಳೆಲ್ಲ ಪುಡಿಯಾಗಿ ಹೋಗಿ, ಗಟ್ಟಿಮುಟ್ಟಾದವು ಮಾತ್ರ ಉಳಿದಿರುತ್ತವೆ. ನದಿಯೇ ಪರೀಕ್ಷಕನ ಕೆಲಸವನ್ನು ಮುಗಿಸಿರುತ್ತದೆ. ಹಳೆ ಶಿಲಾಯುಗದ ಬಹುಪಾಲು ನೆಲೆಗಳು ನದೀತೀರದಲ್ಲಿರುವುದಕ್ಕೆ ನೀರು ಬೇಟೆಗಳಷ್ಟೇ ಅಲ್ಲ, ಇದೂ ಒಂದು ಕಾರಣವಾಗಿರಬೇಕೆಂದು ನಮಗೆ ತೋರುತ್ತದೆ.

ಗುಳ್ಳೆಗಲ್ಲು ನಿಷ್ಪ್ರಯೋಜಕವೆಂದು ಮೇಲೆ ಹೇಳಿದೆವು. ಅದಕ್ಕೊಂದು ತಿದ್ದುಪಡಿ ಅಗತ್ಯ. ಗುಳ್ಳೆಗಳು ದೊಡ್ಡವಾಗಿದ್ದು ಸಿಲಿಕಾ ಬೆರೆತ ನೀರು ಅವುಗಳಲ್ಲಿ ಬಹುಕಾಲ ಇಂಗಿದರೆ ಒಳಗೆ ಕ್ಯಾಲ್ಸೆಡನಿ, ಅಗೇಟ್, ಜಾಸ್ಪರ್‌ಗಳು ಗಟ್ಟಿಯಾಗುತ್ತವೆ. ಮರಾಠಿಗರು ಇಂಥವನ್ನೆಲ್ಲ ಒಟ್ಟಾಗಿ ‘ಗಾರಗೋಟಿ’ ಎನ್ನುತ್ತಾರೆ. ನಮ್ಮ ಕಡೆ ಚಕಮಕಿ ಕಲ್ಲೆಂದು ಕರೆಯುವವರೂ ಇದ್ದಾರೆ. ಸುತ್ತಲ ಬಸಾಲ್ಟು ಸವೆದು ಮಣ್ಣಾದ ಮೇಲೂ ಇವು ಹೊಲಗಳಲ್ಲಿ ಹಾಲುಬಿಳಿ, ಜೇನುಬಣ್ಣ, ಇಟ್ಟಿಗೆಗೆಂಪಿನ ಗಡ್ಡೆಗಳಾಗಿ ಉಳಿಯುತ್ತವೆ. ಬೆಳಕಿಗೆ ಹಿಡಿದರೆ ಅಂಚು ಮೇಣದಂತೆ ಅರೆಪಾರದರ್ಶಕ. ಉಕ್ಕಿನ ಚೂರಿ ಗೀರಲಾರದು. ಒಡೆದರೆ ಗಾಜಿನಷ್ಟೇ ಸೊಗಸಾದ ಚಿಪ್ಪಿನಾಕಾರದ ಚಕ್ಕೆ. ಗಡ್ಡೆಗಳು ಚಿಕ್ಕವಾದುದರಿಂದ ಕೈಕೊಡಲಿಗೆ ಸಾಲವು, ಚಿಕ್ಕ ಆಯುಧಗಳಿಗೆ ಇವಕ್ಕೆ ಸಮನಿಲ್ಲ. 1954ರಿಂದ ನೇವಾಸೆಯಲ್ಲಿ ಸಂಶೋಧನೆ ನಡೆಸಿದ ಪುಣೆಯ ಡೆಕ್ಕನ್ ಕಾಲೇಜಿನ ಹಸಮುಖ ಧೀರಜಲಾಲ ಸಾಂಕಳಿಯಾ ಅವರು, ಕರಿಗಲ್ಲಿನ ಕೈಕೊಡಲಿಗಳಿದ್ದ ಪದರಕ್ಕಿಂತ ಮೇಲೆ ಜಾಸ್ಪರ್, ಅಗೇಟ್, ಚರ್ಟ್‌ಗಳ ಚಿಕ್ಕ ಚಕ್ಕೆ ಆಯುಧಗಳು ಬರುವುದನ್ನು ಗುರುತಿಸಿ, ಮಧ್ಯ ಹಳೆ ಶಿಲಾಯುಗವೆಂಬ ಪ್ರತ್ಯೇಕ ಘಟ್ಟವನ್ನು ನಮ್ಮ ಪ್ರಾಗಿತಿಹಾಸದಲ್ಲಿ ಸ್ಥಾಪಿಸಿದರು. ಕಲ್ಲಿನ ಆಯ್ಕೆ ಬದಲಾದುದೇ ಕಾಲ ಬದಲಾದುದರ ಮೊದಲ ಸಾಕ್ಷಿಯಾಯಿತು. ಪುಣೆ ಜಿಲ್ಲೆಯ ಘೋಡ ನದಿಯ ಇನಾಮಗಾಂವದ ತಾಮ್ರಶಿಲಾಯುಗದ ರೈತರು ತಾಮ್ರ ಕೈಯಲ್ಲಿದ್ದಾಗಲೂ ಕ್ಯಾಲ್ಸೆಡನಿಯ ಅಲಗುಗಳನ್ನು ಬಿಡಲಿಲ್ಲ.

ಈ ವಿದ್ಯೆ ಸಂಪೂರ್ಣ ಅಳಿದಿಲ್ಲ. ಗುಜರಾತಿನ ರತನಪುರದ ಅಗೇಟ್ ಗಡ್ಡೆಗಳು ಇಂದಿಗೂ ಖಂಭಾತಿಗೆ ಹೋಗುತ್ತವೆ. ಅಲ್ಲಿ ಅವನ್ನು ಮಡಕೆಗಳಲ್ಲಿಟ್ಟು ನಿಧಾನವಾಗಿ ಕಾಯಿಸುತ್ತಾರೆ. ಇದರಿಂದ ಬಣ್ಣ ಕೆಂಪೇರುವುದಲ್ಲದೆ ಚಕ್ಕೆ ಏಳುವುದೂ ಸುಲಭವಾಗುತ್ತದೆ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ, ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ಮೃದುವಾಗಿ ಬಡಿಯುತ್ತಾರೆ. ಮೊನೆಯ ಕಡೆಯಿಂದ ಚಕ್ಕೆ ಕಳಚುತ್ತದೆ. ಇಷ್ಟು ಮನೋಹರವಾದ ಕೆಲಸದ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಅಗೇಟನ್ನು ಸಾಣೆ ಹಿಡಿಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿ ವಾಸಿಯಾಗದ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಖಂಭಾತಿನ ಅನೇಕ ಕುಟುಂಬಗಳು ಇದಕ್ಕೆ ಬಲಿಯಾಗಿವೆ. ಹವ್ಯಾಸಕ್ಕಾಗಿ ಕಲ್ಲು ಕೆತ್ತುವವರೂ ಇದನ್ನು ಹಗುರವಾಗಿ ಎಣಿಸಬಾರದು. ಫ್ಲ್ಯಾಟಿನ ಬಾಲ್ಕನಿ ಇದಕ್ಕೆ ತಕ್ಕ ಸ್ಥಳವಲ್ಲ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಕನ್ನಡಕ, ಕೈಗವಸು, ಮುಖವಾಡ ಧರಿಸಿ ಕೂಡಬೇಕು. ಕೆಳಗೆ ಗೋಣಿ ಹಾಸಿ ಬಿದ್ದ ಚೂರುಗಳನ್ನು ಒಂದೂ ಬಿಡದೆ ಹೊರಗೆ ಒಯ್ಯಬೇಕು. ಚೂರುಗಳನ್ನು ಬಿಟ್ಟುಬಂದರೆ ಮಕ್ಕಳ ಕಾಲಿಗೆ ಅಪಾಯ. ಮುಂದೆ ಅಲ್ಲಿಗೆ ಬರುವ ಪುರಾತತ್ತ್ವ ವಿದ್ಯಾರ್ಥಿಗೂ ದಾರಿ ತಪ್ಪುತ್ತದೆ.

ಏಕೆಂದರೆ ಒಳ್ಳೆಯ ಕಲ್ಲನ್ನು ಹುಡುಕಿಕೊಂಡು ಹೋದವನು ಬೇಗ ಅಥವಾ ತಡವಾಗಿ ಹಿಂದೆ ಅದನ್ನೇ ಹುಡುಕಿ ಬಂದವರ ನೆಲೆಯನ್ನು ತಲಪುತ್ತಾನೆ. ಆಗ ಅದನ್ನು ಗುರುತಿಸುವ ಕಣ್ಣು ಬೇಕು. ಬೆಟ್ಟದಿಂದ ಬಿದ್ದು ಒಡೆದ ಕಲ್ಲಿನಲ್ಲಿ ಒಂದೋ ಎರಡೋ ಚಕ್ಕೆಯ ಗುರುತು, ಅದೂ ಗೊತ್ತುಗುರಿಯಿಲ್ಲದೆ ಇರುತ್ತದೆ. ಮನುಷ್ಯನು ಎಬ್ಬಿಸಿದ ಚಕ್ಕೆಯಲ್ಲಿ ಪೆಟ್ಟು ಬಿದ್ದ ಸಮತಟ್ಟು ಭಾಗ, ಅದರ ಕೆಳಗೆ ಒಂದು ಉಬ್ಬು, ಉಬ್ಬಿನಿಂದ ಹರಡಿದ ಅಲೆಗಳು ಒಟ್ಟಿಗೆ ಕಾಣುತ್ತವೆ. ಆಯುಧದಲ್ಲಿಯಾದರೆ ಇಂತಹ ಗುರುತುಗಳು ಒಂದರ ಪಕ್ಕ ಒಂದು, ಒಂದು ಅಂಚನ್ನು ರೂಪಿಸುವಂತೆ ಸಾಲಾಗಿರುತ್ತವೆ. ಕರಿಗಲ್ಲಿನ ಆಯುಧಗಳು ಲಕ್ಷಾಂತರ ವರ್ಷ ಮಣ್ಣಿನಲ್ಲಿದ್ದು ಕಂದುಬಣ್ಣಕ್ಕೆ ತಿರುಗಿ ಗುರುತುಗಳು ಮಸುಕಾಗಿರುತ್ತವೆ; ಬೆರಳಿನಿಂದ ಸವರಿದಾಗ ಕಣ್ಣಿಗೆ ಕಾಣದ ಅಂಚು ತಿಳಿಯುವುದೂ ಉಂಟು. ಕ್ರಷರ್ ಯಂತ್ರದಿಂದ ಹೊರಬಂದ ಜಲ್ಲಿಯಲ್ಲಿಯೂ ಉಬ್ಬು, ಅಲೆಗಳು ಕಾಣಿಸುವುದರಿಂದ, ರಸ್ತೆ ರೈಲುಹಳಿಗಳ ಬದಿಯ ‘ಶೋಧ’ಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಆದರೆ ಅಭ್ಯಾಸಕ್ಕೆ ಜಲ್ಲಿರಾಶಿಯಷ್ಟು ಸುಲಭವಾದ ಸಾಮಗ್ರಿ ಬೇರೆಯಿಲ್ಲ. ಮನೆಯ ಮುಂದೆ ಕಟ್ಟಡ ಏಳುತ್ತಿದ್ದರೆ ಒಂದು ಬೊಗಸೆ ಜಲ್ಲಿಯಲ್ಲಿ ಸಣ್ಣ ಕಣ, ಒರಟು ಕಣ, ಗುಳ್ಳೆ, ಹರಳು ಎಂದು ವಿಂಗಡಿಸಿ ನೋಡಬಹುದು.

ಆಯುಧವೆಂದು ತೋರಿದ ಕಲ್ಲನ್ನು ಎತ್ತಿಕೊಂಡು ಬರಬಾರದು. ನೂರು ವರ್ಷಕ್ಕೂ ಹಳೆಯದಾದ ಇಂತಹ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯಿಸುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಜುನ್ನರ ತಾಲೂಕಿನ ಕುಕಡಿ ನದಿಯ ಬೋರಿಯಲ್ಲಿ ಕೈಕೊಡಲಿಗಳ ಜೊತೆಗೆ ಜ್ವಾಲಾಮುಖಿಯ ಬೂದಿಯ ಪದರ ದೊರೆತಿದೆ. ಆ ಬೂದಿಯ ಕಾಲವನ್ನು ಒಂದು ಪರೀಕ್ಷೆ 14 ಲಕ್ಷ ವರ್ಷವೆಂದಿತು, ಇನ್ನೊಂದು 6.7 ಲಕ್ಷವೆಂದಿತು, ಅದು ಸುಮಾರು 75 ಸಾವಿರ ವರ್ಷಗಳ ಹಿಂದೆ ಸುಮಾತ್ರದ ತೋಬಾ ಜ್ವಾಲಾಮುಖಿಯಿಂದ ಹಾರಿಬಂದುದೆಂದು ಮತ್ತೆ ಕೆಲವು ವಿದ್ವಾಂಸರು ವಾದಿಸಿದರು. ಈ ವಾದವೆಲ್ಲ ನಡೆಯಲು ಸಾಧ್ಯವಾದುದು ಆಯುಧಗಳು ಯಾವ ಪದರದ ಮೇಲೆ, ಯಾವುದರ ಕೆಳಗೆ ಇದ್ದವೆಂಬುದು ತಿಳಿದಿದ್ದುದರಿಂದ. ಶೋಕೇಸಿಗೆ ಬಂದ ಕಲ್ಲು ಆ ಪ್ರಶ್ನೆಗೆ ಉತ್ತರ ಹೇಳಲಾರದು.

ಮುಂಬಯಿಯ ಸ್ಥಿತಿ ಇನ್ನೂ ಶೋಚನೀಯ. ನೌಕಾಪಡೆಯ ಅಧಿಕಾರಿ ಟಾಡ್ ಅವರು 1930ರ ದಶಕದಲ್ಲಿ ಕಾಂದಿವಲಿಯ ಸುತ್ತ ಹಳೆ ಶಿಲಾಯುಗದ ಆಯುಧಗಳನ್ನು ಪದರ ಪದರವಾಗಿ ಗುರುತಿಸಿ 1939ರಲ್ಲಿ ಲಂಡನ್ನಿನ ವಿದ್ವತ್ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಇಂದು ಆ ಕಾಂದಿವಲಿಯ ಬಹುಮಹಡಿ ಕಟ್ಟಡಗಳಲ್ಲಿ ನಮ್ಮವರೇ ಸಾವಿರಾರು ಮಂದಿ ವಾಸಿಸುತ್ತಿದ್ದಾರೆ. ಟಾಡ್ ಕಂಡ ಪದರಗಳನ್ನು ಮರಳಿ ಪರೀಕ್ಷಿಸಲು ಹೊರಟವನಿಗೆ ಕಾಂಕ್ರೀಟು ಎದುರಾಗುತ್ತದೆ. ಇನ್ನೂ ಉಳಿದಿರುವ ಹಳ್ಳಗಳು, ಡೈಕುಗಳು ಪುಣೆ, ನಾಸಿಕ, ಅಹಿಲ್ಯಾನಗರ ಜಿಲ್ಲೆಗಳಲ್ಲಿವೆ, ನಮ್ಮ ಬೆಳಗಾವಿ ಕಲಬುರಗಿಗಳಲ್ಲಿವೆ. ಗಟ್ಟಿ ಕಲ್ಲು ಎಲ್ಲಿದೆಯೋ ಅಲ್ಲಿಗೇ ಕ್ರಷರ್ ಮೊದಲು ಬರುತ್ತದೆ. ಆದುದರಿಂದ ಗುರುತಿಸಿದವರು ತಡಮಾಡುವಂತಿಲ್ಲ.

ರಜಾದಿನಗಳಲ್ಲಿ ಬೆಟ್ಟ ಹತ್ತುವ ಹವ್ಯಾಸವುಳ್ಳವರು ಇಷ್ಟನ್ನು ಮಾಡಬಹುದು. ಆಯುಧವೆಂದು ತೋರಿದುದನ್ನು ಇದ್ದಲ್ಲಿಯೇ ಬಿಟ್ಟು, ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಎರಡೂ ಬದಿಯ ಛಾಯಾಚಿತ್ರ ತೆಗೆಯಬೇಕು. ಸುತ್ತಲ ನೆಲದ ಒಂದು ಚಿತ್ರವೂ ಇರಲಿ. ಮೊಬೈಲು ತೋರಿಸುವ ಅಕ್ಷಾಂಶ ರೇಖಾಂಶ, ಹತ್ತಿರದ ಹಳ್ಳಿಯ ಹೆಸರು, ಹೊಳೆಯ ಯಾವ ದಡ, ಗಣಿಗಾರಿಕೆ ನಡೆದಿದೆಯೇ ಎಂಬುದನ್ನು ಬರೆದುಕೊಂಡು ಪುಣೆಯ ಡೆಕ್ಕನ್ ಕಾಲೇಜಿಗೋ ರಾಜ್ಯದ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ಹೊರಡುವ ಮುನ್ನ ನಿಜವಾದ ಆಯುಧಗಳನ್ನು ಒಮ್ಮೆ ಕಣ್ಣಾರೆ ಕಾಣಬಯಸುವವರಿಗೆ ಡೆಕ್ಕನ್ ಕಾಲೇಜಿನ ಪುರಾತತ್ತ್ವ ಸಂಗ್ರಹಾಲಯವಿದೆ. ಊರಿಗೆ ಹೋದಾಗ ಬಳ್ಳಾರಿಯಲ್ಲಿ ಇಳಿಯುವವರಿಗೆ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಸಂಗ್ರಹಾಲಯವಿದೆ.